‘ಇದು ಪ್ರಬಂಧ ಅಲ್ಲಮ್ಮ, ಭಾಷಣ’

ಪ್ರಶ್ನೆ: ನಾನು ಸಿಂಧನೂರಿನವಳು, ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದೇನೆ. ಮಸ್ಕಿಯ ಅಶೋಕನ ಶಾಸನದ ಮೇಲೆ ಕಿರುಪ್ರಬಂಧ ಬರೆಯುತ್ತಿದ್ದೇನೆ. ಮೊದಲ ಅಧ್ಯಾಯ ನೋಡಿದ ಗೈಡ್ ಸರ್, ‘ಇದು ಪ್ರಬಂಧ ಅಲ್ಲಮ್ಮ, ಭಾಷಣ’ ಎಂದು ವಾಪಸ್ ಕೊಟ್ಟರು. ಸ್ವಲ್ಪ ದೊಡ್ಡ ದೊಡ್ಡ ಪದ ಹಾಕಿದರೆ ಸರಿಹೋಗುತ್ತದೆ ಅಂತ ಗೆಳತಿ ಹೇಳುತ್ತಾಳೆ. ನಿಜವೇ? ಅಧ್ಯಾಯಗಳನ್ನು ಹೇಗೆ ಜೋಡಿಸಲಿ?

ಉತ್ತರ: ಗೆಳತಿಯ ಮಾತು ಕೇಳಬೇಡಿ. ದೊಡ್ಡ ಪದ ಹಾಕಿದರೆ ಭಾಷಣ ಇನ್ನೂ ಉದ್ದ ಆಗುತ್ತದೆ, ಅಷ್ಟೆ.

ನೀವು ಕಳಿಸಿದ ಪುಟದ ಮೊದಲ ಸಾಲು ನೋಡಿ: ‘ಅಶೋಕ ಚಕ್ರವರ್ತಿಯ ಪಾದಸ್ಪರ್ಶದಿಂದ ಪಾವನವಾದ ನಮ್ಮ ಮಸ್ಕಿ’. ಜಾತ್ರೆಯ ವೇದಿಕೆಯಲ್ಲಿ ಇದಕ್ಕೆ ಚಪ್ಪಾಳೆ ಬೀಳುತ್ತದೆ. ಪರೀಕ್ಷಕರು ಮಾತ್ರ ಒಂದೇ ಪ್ರಶ್ನೆ ಕೇಳುತ್ತಾರೆ: ಅಶೋಕ ಮಸ್ಕಿಗೆ ಬಂದಿದ್ದ ಅಂತ ನಿಮಗೆ ಹೇಗೆ ಗೊತ್ತು? ಶಾಸನ ಇದೆ ಅನ್ನುವುದು ಬೇರೆ, ರಾಜ ಬಂದಿದ್ದ ಅನ್ನುವುದು ಬೇರೆ ಅಲ್ವಾ? ‘ಹೇಗೆ ಗೊತ್ತು’ ಎಂಬುದಕ್ಕೆ ಪ್ರತಿ ಸಾಲೂ ಉತ್ತರ ಇಟ್ಟುಕೊಂಡಿರಬೇಕು. ಶೈಕ್ಷಣಿಕ ಬರವಣಿಗೆಯ ಜೀವ ಇರುವುದು ಅಲ್ಲೇ.

ಇದನ್ನು ಕಲಿಯಲು ನಿಮ್ಮ ವಿಷಯಕ್ಕಿಂತ ಒಳ್ಳೆಯ ಪಾಠ ಇಲ್ಲ. 1837ರಲ್ಲಿ ಬ್ರಿಟಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್, ಈ ಶಾಸನಗಳ ಬ್ರಾಹ್ಮಿ ಲಿಪಿ ಓದಿದರು. ಆದರೆ ಆಗ ಸಿಕ್ಕಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಷ್ಟೇ ಇದ್ದವು. ಶ್ರೀಲಂಕಾದ ಪಾಳಿ ಗ್ರಂಥಗಳ ಜೊತೆ ಹೋಲಿಸಿ, ಈ ಬಿರುದುಗಳ ರಾಜ ಅಶೋಕನೇ ಎಂದು ವಿದ್ವಾಂಸರು ಹೇಳಿದರು. ಅದು ಆಧಾರ ಇದ್ದ ಊಹೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಮಸ್ಕಿಯ ಶಾಸನವನ್ನು ಕಂಡರು. ಅದರಲ್ಲಿ ‘ಅಸೋಕಸ’ (ಅಶೋಕನ) ಎಂದು ಹೆಸರೇ ಇತ್ತು. ಊಹೆ ಗಟ್ಟಿಯಾಯಿತು.

ಈಗ ನಿಮ್ಮ ಎರಡನೇ ಪುಟಕ್ಕೆ ಬರೋಣ. ‘ಅಶೋಕನ ಹೆಸರಿರುವ ಏಕೈಕ ಶಾಸನ’ ಎಂದಿದ್ದೀರಿ. ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಂ, ಮಧ್ಯಪ್ರದೇಶದ ಗುಜರ್ರಾ ಶಾಸನಗಳಲ್ಲೂ ಆ ಹೆಸರಿದೆ. ‘ಏಕೈಕ’ ತೆಗೆದು ‘ಮೊದಲು ಸಿಕ್ಕ’ ಎಂದು ಬರೆಯಿರಿ. ಮಸ್ಕಿಯ ಮಾನವೇನೂ ಹೋಗಲ್ಲ. ‘ಇರಬಹುದು’, ‘ತೋರುತ್ತದೆ’ ಎಂಬ ಪದಗಳಿಗೂ ಹೆದರಬೇಡಿ. ಆಧಾರ ಎಷ್ಟಿದೆಯೋ ಅಷ್ಟೇ ಹೇಳುವವರಿಗೆ ಅವು ಬೇಕೇ ಬೇಕು.

ಇನ್ನು ಜೋಡಣೆ. ಪ್ರಸ್ತಾವನೆಯಲ್ಲಿ ನಿಮ್ಮ ಪ್ರಶ್ನೆ ಏನು ಅಂತ ಹೇಳಿ. ‘ಮಸ್ಕಿ ಶಾಸನ’ ಅನ್ನುವುದು ಪ್ರಶ್ನೆ ಅಲ್ಲ, ವಿಷಯ. ‘ಮಸ್ಕಿ ಶಾಸನ ಸಿಕ್ಕ ಮೇಲೆ ಅಶೋಕನ ಗುರುತಿನ ಚರ್ಚೆ ಹೇಗೆ ಬದಲಾಯಿತು?’ ಎಂದರೆ ಅದು ಪ್ರಶ್ನೆ. ಆಮೇಲೆ ಸಾಹಿತ್ಯ ಸಮೀಕ್ಷೆ. ಹೆಸರು ನೋಡಿ ಕಥೆ, ಕಾದಂಬರಿ ಪಟ್ಟಿ ಮಾಡಿ ತಂದ ವಿದ್ಯಾರ್ಥಿಗಳನ್ನೂ ಕಂಡಿದ್ದೇನೆ! ಅಲ್ಲಿ ಬೇಕಿರುವುದು ನಿಮ್ಮ ಪ್ರಶ್ನೆಯ ಬಗ್ಗೆ ಹಿಂದಿನವರು ಏನು ಹೇಳಿದ್ದಾರೆ, ಏನು ಬಿಟ್ಟಿದ್ದಾರೆ ಎಂಬುದು. ನಡುವಿನ ಅಧ್ಯಾಯಗಳು ಆಧಾರಗಳನ್ನು ಒಂದೊಂದಾಗಿ ಇಡುತ್ತವೆ. ಉಪಸಂಹಾರದಲ್ಲಿ ಹೊಸ ಸಂಗತಿ ತುರುಕಬೇಡಿ.

ಯಾರ ಮಾತು ತಗೊಂಡರೂ ಅಡಿಟಿಪ್ಪಣಿ ಹಾಕಿ. ಪದ ಬದಲಿಸಿ ಬರೆದರೂ ವಿಚಾರ ಅವರದೇ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ಕೃತಿಚೌರ್ಯ ನಿಯಮದಲ್ಲಿ, ಬೇರೆಯವರ ಬರಹದ ಜೊತೆ ಶೇ 10ರವರೆಗಿನ ಹೋಲಿಕೆಗೆ ಶಿಕ್ಷೆ ಇಲ್ಲ ನಿಜ. ಹಾಗಂತ ಅದು ಕದಿಯಲು ಕೊಟ್ಟ ರಿಯಾಯಿತಿ ಅಲ್ಲ. ಮಾದರಿ ಬೇಕಿದ್ದರೆ ಶೋಧಗಂಗಾ ಜಾಲತಾಣದಲ್ಲಿ ಪಿಎಚ್‌ಡಿ ಪ್ರಬಂಧಗಳು ಉಚಿತವಾಗಿ ಸಿಗುತ್ತವೆ. ಎಲ್ಲವೂ ಚೆನ್ನಾಗಿಲ್ಲ, ನೋಡಿ ಆರಿಸಿಕೊಳ್ಳಿ.

ಆ ಪಾದಸ್ಪರ್ಶದ ಸಾಲು ಬಿಡಲು ಮನಸ್ಸಿಲ್ಲ ಅಂತೀರಾ? ಊರಿನ ಅಭಿಮಾನವನ್ನು ‘ಅರಿಕೆ’ ಪುಟದಲ್ಲಿ ಬರೆದುಕೊಳ್ಳಿ. ಅಲ್ಲಿ ಯಾರೂ ಅಡಿಟಿಪ್ಪಣಿ ಕೇಳುವುದಿಲ್ಲ.