ಮುಕ್ತಿನಾಥದ ಕುದುರೆ ಓಟಕ್ಕೆ ಮಾವನವರನ್ನು ಕರೆದುಕೊಂಡು ಹೋಗಬಹುದಾ?

ಪ್ರಶ್ನೆ: ಮನೆಯವರೆಲ್ಲ ಸೇರಿ ನೇಪಾಳದ ಮುಕ್ತಿನಾಥಕ್ಕೆ ಹೋಗಬೇಕೆಂದಿದ್ದೇವೆ. ನಾನು, ನಮ್ಮ ಯಜಮಾನರು, ಹದಿನಾಲ್ಕು ವರ್ಷದ ಮಗಳು, ಒಂಬತ್ತು ವರ್ಷದ ಮಗ, ಅತ್ತೆ, ಮಾವ. ಮಾವನವರಿಗೆ 71 ವರ್ಷ. ಬಿಪಿ ಮಾತ್ರೆ ತಗೊಳ್ತಾರೆ, ಬೇರೆ ತೊಂದರೆ ಇಲ್ಲ. ಅವರ ತಂದೆ ಇಲ್ಲೇ ದಾವಣಗೆರೆಯಲ್ಲಿ ಜಟಕಾ ಓಡಿಸುತ್ತಿದ್ದರು. ಮಾವನವರಿಗೆ ಕುದುರೆ ಅಂದರೆ ಜೀವ. ನೂಲ ಹುಣ್ಣಿಮೆಗೆ ಮುಕ್ತಿನಾಥದಲ್ಲಿ ಕುದುರೆ ಓಟ ಇರುತ್ತದೆ ಅಂತ ಯಾರೋ ಹೇಳಿದ್ದೇ ತಡ, ಹೋದರೆ ಅವತ್ತೇ ಹೋಗಬೇಕು ಅಂತ ಹಟ ಹಿಡಿದಿದ್ದಾರೆ. ಯಜಮಾನರು ಕಾರ್ತಿಕದಲ್ಲಿ ಹೋಗೋಣ ಅಂತಾರೆ. ಟೂರಿನವರು ಪೋಖರಾದಿಂದ ಒಂದೇ ದಿನಕ್ಕೆ ಜೀಪಿನಲ್ಲಿ ಮೇಲೆ ಮುಟ್ಟಿಸುತ್ತೇವೆ ಅಂದರು. ಏನು ಮಾಡಲಿ?
– ವಿ. ಎಸ್., ದಾವಣಗೆರೆ

ಉತ್ತರ: ಹುಣ್ಣಿಮೆಗೇ ಹೋಗಿ. ಆದರೆ ಟೂರಿನವರು ಹೇಳಿದ ಹಾಗೆ ಮಾತ್ರ ಹೋಗಬೇಡಿ.

ನಿಮ್ಮ ಮಾವನವರು ಕೇಳಿದ ಸುದ್ದಿ ನಿಜ. ಆ ಹಬ್ಬದ ಹೆಸರು ಯಾರ್ತುಂಗ್. ಮುಸ್ತಾಂಗ್ ಜಿಲ್ಲೆಯ ಜನ ಬೇಸಿಗೆಯನ್ನು ಕಳಿಸಿಕೊಡುವ ಹಬ್ಬ ಅದು. ಮೇಲಿನ ಹುಲ್ಲುಗಾವಲಿಗೆ ಹೋದ ಯಾಕ್, ಕುರಿ, ಮೇಕೆಗಳು ಊರಿಗೆ ಇಳಿಯುವ ಕಾಲ ಹತ್ತಿರ ಬಂದಿರುತ್ತದೆ. ಸುಗ್ಗಿಯ ಕೆಲಸ ಇನ್ನೂ ಮೈಮೇಲೆ ಬಿದ್ದಿರುವುದಿಲ್ಲ. ಆ ನಡುವಿನ ಬಿಡುವಿನಲ್ಲಿ ಝಾರ್‌ಕೋಟ್, ಪುರಂಗ್, ಖಿಂಗಾ ಮುಂತಾದ ಸುತ್ತಲಿನ ಊರುಗಳವರು ದೇವಸ್ಥಾನದ ಕೆಳಗಿರುವ ರಾಣಿಪೌವಾದಲ್ಲಿ ಸೇರುತ್ತಾರೆ. ಹಬ್ಬ ಸಾಮಾನ್ಯವಾಗಿ ಮೂರು ದಿನ. ನಮ್ಮ ನೂಲ ಹುಣ್ಣಿಮೆಯೇ ನೇಪಾಳಿಗಳಿಗೆ ಜನೈ ಪೂರ್ಣಿಮಾ. ಜನಿವಾರ ಬದಲಾಯಿಸಿ, ಕೈಗೆ ದಾರ ಕಟ್ಟಿಸಿಕೊಂಡು, ಮುಕ್ತಿನಾಥನ ದರ್ಶನಕ್ಕೆ ಬರುವ ಯಾತ್ರಿಕರೂ ಅದೇ ದಿನ ಬರುತ್ತಾರೆ. 2026ರಲ್ಲಿ ಅದು ಆಗಸ್ಟ್ 28, ಶುಕ್ರವಾರ. ಓಟ ಯಾವ ದಿನ, ಎಷ್ಟು ಹೊತ್ತಿಗೆ ಅಂತ ಮಾತ್ರ ರೂಮ್ ಕಾಯ್ದಿರಿಸುವಾಗ ಲಾಡ್ಜಿನವರ ಬಾಯಿಂದಲೇ ಕೇಳಿ. ಅದು ಊರವರ ಹಬ್ಬ, ಅವರು ಹೇಳಿದ್ದೇ ಲೆಕ್ಕ. ರೂಮನ್ನು ಈಗಲೇ ಹಿಡಿಯಿರಿ.

ಶ್ರಾವಣದಲ್ಲಿ ಹಿಮಾಲಯಕ್ಕೆ ಯಾರಾದರೂ ಹೋಗ್ತಾರಾ ಅಂತ ನಿಮ್ಮ ಯಜಮಾನರು ಕೇಳಬಹುದು. ಅವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಅನ್ನಪೂರ್ಣಾ ಮತ್ತು ಧೌಲಾಗಿರಿ ಎರಡೂ 8,000 ಮೀಟರ್ ದಾಟಿದ ಬೆಟ್ಟಗಳು. ದಕ್ಷಿಣದಿಂದ ಬರುವ ಮಳೆ ಮೋಡಗಳನ್ನು ಅವು ತಡೆದುಬಿಡುತ್ತವೆ. ಹಾಗಾಗಿ ಅವುಗಳ ಆಚೆ ಬದಿಯ ಮುಕ್ತಿನಾಥದಲ್ಲಿ ಮಳೆ ಕಮ್ಮಿ. ನಮ್ಮಲ್ಲಿ ಶರದೃತುವಿಗೆ ಇನ್ನೂ ಒಂದೂವರೆ ತಿಂಗಳು ಇರುವಾಗಲೇ ಅಲ್ಲಿ ರಾತ್ರಿ ಚಳಿ ಶುರುವಾಗಿರುತ್ತದೆ. ಬೋಳು ಬೆಟ್ಟಗಳ ನಡುವೆ ಹೊಲಗಳಲ್ಲಿ ಫಾಪರ್ (ಬಕ್‌ವೀಟ್) ಬೆಳೆ ಗುಲಾಬಿ ಬಣ್ಣದ ಹೂ ಬಿಟ್ಟಿರುತ್ತದೆ. ಮಾರ್ಫಾದಲ್ಲಿ ಸೇಬು ಕೆಂಪಾಗುತ್ತಾ ಬಂದಿರುತ್ತದೆ. ತೊಂದರೆ ಇರುವುದು ದಾರಿಯಲ್ಲಿ. ಪೋಖರಾ ಬಿಟ್ಟು ಬೇನಿ ದಾಟಿದ ಮೇಲೆ ಮಳೆಗಾಲದಲ್ಲಿ ಗುಡ್ಡ ಕುಸಿಯುತ್ತದೆ. ಮುಕ್ತಿನಾಥಕ್ಕೆ ಹತ್ತಿರದ ವಿಮಾನ ನಿಲ್ದಾಣ ಇರುವ ಜೋಮ್‌ಸೋಮ್‌ಗೆ ಹೋಗುವ ಚಿಕ್ಕ ವಿಮಾನಗಳು ಬೆಳಗಿನ ಹೊತ್ತು ಮಾತ್ರ ಹಾರುತ್ತವೆ, ಮಧ್ಯಾಹ್ನ ಕಾಳಿ ಗಂಡಕಿ ಕಣಿವೆಯ ಗಾಳಿ ಬಿಡುವುದಿಲ್ಲ. ಪೋಖರಾದಲ್ಲಿ ಮೋಡ ಕವಿದರೆ ಬೆಳಗಿನ ವಿಮಾನವೂ ಇಲ್ಲ. ಆದ್ದರಿಂದ ಕೈಯಲ್ಲಿ ಎರಡು ದಿನ ಜಾಸ್ತಿ ಇಟ್ಟುಕೊಂಡೇ ಹೊರಡಿ. ಹಾಗೆ ಇಡಲು ರಜೆ ಸಿಗದಿದ್ದರೆ ನಿಮ್ಮ ಯಜಮಾನರ ಕಾರ್ತಿಕವೇ ಸರಿ. ಆಗ ಆಕಾಶ ತೊಳೆದಿಟ್ಟ ಹಾಗೆ ಇರುತ್ತದೆ, ಆದರೆ ಯಾರ್ತುಂಗ್ ಇರುವುದಿಲ್ಲ.

ಈಗ ನನಗೆ ನಿಜವಾಗಿ ಆತಂಕ ಆದ ವಿಷಯ. ಒಂದೇ ದಿನಕ್ಕೆ ಮೇಲೆ ಮುಟ್ಟಿಸುತ್ತೇವೆ ಅನ್ನುವ ಮಾತು. ನಾನು ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದವಳು. ಪೋಖರಾ ಇರುವುದು ಸುಮಾರು 800 ಮೀಟರ್ ಎತ್ತರದಲ್ಲಿ. ಮುಕ್ತಿನಾಥ ಸುಮಾರು 3,700 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಹೆಚ್ಚುಕಡಿಮೆ ಎರಡರಷ್ಟು. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಮೂರರಲ್ಲಿ ಎರಡು ಪಾಲು ಅಷ್ಟೇ. ದೇಹ ಅದಕ್ಕೆ ಒಗ್ಗಿಕೊಳ್ಳುತ್ತದೆ, ಆದರೆ ರಾತ್ರಿಗಳು ಬೇಕು. ರಾಣಿಪೌವಾದ ಲಾಡ್ಜೊಂದರಲ್ಲಿ ನಮ್ಮ ಕಡೆಯ ಹಿರಿಯರೊಬ್ಬರನ್ನು ರಾತ್ರಿಯಿಡೀ ನೋಡಿಕೊಂಡಿದ್ದೇನೆ. ಅವರನ್ನು ಬೆಳಿಗ್ಗೆ ಪೋಖರಾದಲ್ಲಿ ಜೀಪ್ ಹತ್ತಿಸಿ ಸಂಜೆ ಅಲ್ಲಿ ಇಳಿಸಿದ್ದರು. ತಲೆ ಸಿಡಿಯುತ್ತಿತ್ತು, ವಾಂತಿ, ಮಲಗಿದರೆ ಉಸಿರು ಸಿಕ್ಕುತ್ತಿರಲಿಲ್ಲ. ಬೆಳಕು ಹರಿಯುತ್ತಲೇ ಕೆಳಗೆ ಇಳಿಸಿದೆವು, ಮಧ್ಯಾಹ್ನದ ಹೊತ್ತಿಗೆ ಎದ್ದು ಕೂತರು. ದರ್ಶನ ಮಾತ್ರ ಆಗಲಿಲ್ಲ. ಅಷ್ಟು ದೂರ ಬಂದ ಜೀವ ಹಾಗೆ ವಾಪಸ್ ಹೋಗಬಾರದು.

ಹೀಗೆ ಮಾಡಿ. 25ರ ಹೊತ್ತಿಗೆ ಜೋಮ್‌ಸೋಮ್ ಮುಟ್ಟಿ. ಎರಡು ರಾತ್ರಿ ಮಾರ್ಫಾದಲ್ಲಿ ಇರಿ. ಜೋಮ್‌ಸೋಮ್‌ಗಿಂತ ಸ್ವಲ್ಪ ಕೆಳಗಿನ ಊರು, ಕಲ್ಲು ಹಾಸಿದ ಓಣಿಗಳು, ಗಾಳಿಗೆ ಮರೆ ಇದೆ. 27ಕ್ಕೆ ಕಾಗ್‌ಬೇನಿಗೆ ಬನ್ನಿ, ಅದು ಸುಮಾರು 2,800 ಮೀಟರ್. ನಿಮ್ಮ ಮಾವನವರಿಗೆ ತಂದೆಯವರ ಶ್ರಾದ್ಧ ಮಾಡುವ ಮನಸ್ಸಿದ್ದರೆ ನದಿಗಳು ಸೇರುವ ಆ ಜಾಗದಲ್ಲೇ ಮಾಡುತ್ತಾರೆ. 28ರ ಬೆಳಿಗ್ಗೆ ಆರಕ್ಕೆ ಜೀಪಿನಲ್ಲಿ ಹೊರಟು ಮುಕ್ತಿನಾಥ ಸೇರಿ. ಮೊದಲು ದರ್ಶನ, ಆಮೇಲೆ ಓಟ. ಸಂಜೆಗೆ ಇಳಿದು ಮತ್ತೆ ಕಾಗ್‌ಬೇನಿಯಲ್ಲೇ ಮಲಗಿ. ಹಗಲು ಮೇಲೆ ಇದ್ದು ರಾತ್ರಿ ಕೆಳಗೆ ಮಲಗುವುದೇ ವಯಸ್ಸಾದವರಿಗೆ ಕ್ಷೇಮ. ಹೊರಡುವ ಮುಂಚೆ ನಿಮ್ಮ ಡಾಕ್ಟರ ಹತ್ತಿರ ಬಿಪಿ ಮಾತ್ರೆಯ ಬಗ್ಗೆಯೂ, ಎತ್ತರದ ತೊಂದರೆ ತಡೆಯುವ ಡೈಯಾಮಾಕ್ಸ್ ಮಾತ್ರೆ ತಗೊಳ್ಳಬಹುದಾ ಅಂತಲೂ ಕೇಳಿ. ಸಲ್ಫಾ ಅಲರ್ಜಿ ಇದ್ದರೆ ತಪ್ಪದೆ ಹೇಳಿ. ಯಾರಿಗೇ ಆಗಲಿ ತಲೆನೋವಿನ ಜೊತೆ ವಾಂತಿ, ಓಲಾಟ, ಕೂತಲ್ಲೇ ಏದುಸಿರು ಬಂದರೆ ಮಾತ್ರೆ ಕೊಟ್ಟು ಕಾಯುತ್ತಾ ಕೂರಬೇಡಿ, ತಕ್ಷಣ ಕೆಳಗಿಳಿಯಿರಿ.

ದೇವಸ್ಥಾನದ ಹಿಂದೆ 108 ಧಾರೆಗಳಿವೆ, ಬಸವನ ಮುಖದ ಬಾಯಿಂದ ನೀರು ಬೀಳುತ್ತದೆ. ಎದುರಿಗೆ ಎರಡು ಕುಂಡ. ಎಲ್ಲ ಹಿಮದ ನೀರು. ಮಕ್ಕಳು ಕಿರುಚಿಕೊಂಡು ಓಡಲಿ, ಚೆನ್ನಾಗಿರುತ್ತದೆ. ಮಾವನವರಿಗೆ ಮಾತ್ರ ಕುಂಡದಲ್ಲಿ ಮುಳುಗುವುದು ಬೇಡ. ಬಿಪಿ ಇರುವವರ ಎದೆಗೆ ಆ ತಣ್ಣೀರು ಒಳ್ಳೆಯದಲ್ಲ. ತಲೆಗೆ ಪ್ರೋಕ್ಷಣೆ ಮಾಡಿಕೊಂಡರೆ ಪುಣ್ಯವೇನೂ ಕಡಿಮೆ ಆಗುವುದಿಲ್ಲ ಅಂತ ಅತ್ತೆಯವರ ಬಾಯಿಂದಲೇ ಹೇಳಿಸಿ. ಅಲ್ಲಿ ಬೌದ್ಧ ಸನ್ಯಾಸಿನಿಯರನ್ನು ನೋಡಿ ಆಶ್ಚರ್ಯ ಪಡಬೇಡಿ. ಆ ಜಾಗ ಅವರಿಗೂ ಅಷ್ಟೇ ಪವಿತ್ರ. ನೀರಿನ ಪಕ್ಕದಲ್ಲೇ ಉರಿಯುವ ಜ್ವಾಲಾಮಾಯಿಯ ಜ್ಯೋತಿಯನ್ನು ಕಾಯುವವರೂ ಅವರೇ.

ಇನ್ನು ಕುದುರೆಗಳು. ಮಾವನವರಿಗೆ ಈ ಭಾಗವನ್ನು ಓದಿ ಹೇಳಿ.

ಅಲ್ಲಿಯದು ಗಿಡ್ಡ ಜಾತಿ. ಮೊದಲ ನೋಟಕ್ಕೆ ಇದೇನು ಓಡೀತು ಅನ್ನಿಸುತ್ತದೆ. ಎದೆ ಅಗಲ, ಕಾಲು ಮೋಟು, ಕುತ್ತಿಗೆಯ ಮೇಲೆ ದಟ್ಟ ಕೂದಲು. ವರ್ಷವಿಡೀ ಹೊರೆ ಹೊರುವ, ಯಾತ್ರಿಕರನ್ನು ಹೊರುವ ಕುದುರೆಗಳೇ ಅವತ್ತು ಸಿಂಗಾರಗೊಂಡು ಬರುತ್ತವೆ. ಜೀನಿನ ಮೇಲೆ ಕೈಯಲ್ಲಿ ನೇಯ್ದ ದಪ್ಪ ಜಮಖಾನ, ಕೊರಳಿಗೆ ಗಂಟೆ, ಹಣೆಗೆ ಕೆಂಪು ಗೊಂಡೆ. ಮೊದಲು ಲಾಮಾಗಳ, ಊರ ಹಿರಿಯರ ಮೆರವಣಿಗೆ ಬರುತ್ತದೆ. ಹೆಂಗಸರು ಪಟ್ಟೆ ಪಟ್ಟೆಯ ಉಡುಪು ಉಟ್ಟು, ಹವಳ, ನೀಲಿ ಪೈರೋಜಾ ಕಲ್ಲಿನ ಸರ ಹಾಕಿಕೊಂಡಿರುತ್ತಾರೆ. ಆಮೇಲೆ ಓಟ. ರೇಸ್‌ಕೋರ್ಸಿನ ಹಾಗೆ ದುಂಡನೆಯ ಹಾದಿ ಇಲ್ಲ, ಕಟಕಟೆ ಇಲ್ಲ, ಕೂರುವ ಮೆಟ್ಟಿಲಿಲ್ಲ. ಧೂಳು ಹಾದಿಯಲ್ಲಿ ಸವಾರರು ದೌಡಾಯಿಸಿಕೊಂಡು ಬರುತ್ತಾರೆ. ನೆಲದ ಮೇಲೆ ಬಿಳಿ ಖಾದಾ ವಸ್ತ್ರ ಇಟ್ಟಿರುತ್ತಾರೆ. ಓಡುವ ಕುದುರೆಯ ಮೇಲಿಂದ ಒಂದೇ ಪಕ್ಕಕ್ಕೆ ಜೋತುಬಿದ್ದು ಅದನ್ನು ಎತ್ತಿಕೊಳ್ಳಬೇಕು. ಸವಾರನ ತಲೆ ಕುದುರೆಯ ಮೊಣಕಾಲಿನ ಮಟ್ಟಕ್ಕೆ ಬಂದಿರುತ್ತದೆ! ಎತ್ತಿದವನಿಗೆ ಊರಿಗೆ ಊರೇ ಕೂಗು ಹಾಕುತ್ತದೆ, ತಪ್ಪಿದವನಿಗೂ ಕೂಗು ಹಾಕುತ್ತದೆ. ನಾನು ನೋಡಿದಾಗ ಒಬ್ಬ ಹುಡುಗ ತಪ್ಪಿಸಿಕೊಂಡು, ಕುದುರೆ ತಿರುಗಿಸಿ, ಮತ್ತೆ ಬಂದು ಎತ್ತಿದ. ಅವನ ಅಜ್ಜಿ ಇರಬೇಕು, ನನ್ನ ಪಕ್ಕದಲ್ಲಿ ನಿಂತವರು ನನ್ನ ತೋಳು ಹಿಡಿದು ಅಲುಗಾಡಿಸಿಬಿಟ್ಟರು. ನನಗೆ ಅವರ ಮಾತು ಬರದು, ಅವರಿಗೆ ನನ್ನ ಮಾತು ಬರದು. ಇಬ್ಬರೂ ಕೂಗಿದ್ದೇ ಕೂಗಿದ್ದು.

ಕಟಕಟೆ ಇಲ್ಲ ಅಂದೆನಲ್ಲ, ಅದಕ್ಕೇ ಮಕ್ಕಳನ್ನು ಹಾದಿಯ ಅಂಚಿನಲ್ಲಿ ನಿಲ್ಲಿಸಬೇಡಿ. ಮೇಲಿನ ಇಳಿಜಾರಿನಲ್ಲೋ, ಕಲ್ಲಿನ ಗೋಡೆಯ ಹಿಂದೆಯೋ ಜಾಗ ಹಿಡಿಯಿರಿ. ಮಾವನವರಿಗೆ ಒಂದು ಮಡಿಸುವ ಸ್ಟೂಲ್ ಒಯ್ಯಿರಿ, ಅಷ್ಟು ಹೊತ್ತು ನಿಲ್ಲುವುದು ಕಷ್ಟ. ಬಿಸಿಲು ಚುರುಕು, ಗಾಳಿ ತಣ್ಣಗೆ. ಟೋಪಿ, ಕಪ್ಪು ಕನ್ನಡಕ, ಮೂಗಿಗೆ ಬಟ್ಟೆ ಎಲ್ಲರಿಗೂ ಇರಲಿ. ಅಲ್ಲಿಯ ಗಂಡಸರು ಛಾಂಗ್ ಕುಡಿದೇ ಹಬ್ಬ ಮಾಡುವುದು. ಮಧ್ಯಾಹ್ನ ಕಳೆದಂತೆ ಸವಾರಿ ಸ್ವಲ್ಪ ಅಡ್ಡಾದಿಡ್ಡಿ ಆಗುತ್ತದೆ, ಆಗ ಇನ್ನೂ ಹಿಂದಕ್ಕೆ ಸರಿಯಿರಿ. ಹೆಂಗಸರ ಫೋಟೋ ತೆಗೆಯುವ ಮುಂಚೆ ಕೇಳಿ.

ಓಟ ಶುರುವಾಗುವ ಮೊದಲು ಕುದುರೆಗಳನ್ನು ಕಟ್ಟಿದ ಕಡೆಗೆ ಮಾವನವರನ್ನು ಕರೆದುಕೊಂಡು ಹೋಗಿ. ಇದನ್ನು ಮರೆಯಬೇಡಿ. ಲಾಳ ಹೇಗೆ ಕಟ್ಟಿದ್ದಾರೆ, ಏನು ಮೇವು ಹಾಕ್ತಾರೆ ಅಂತ ಅವರು ಕೇಳಲಿ. ಅಲ್ಲಿನವರಿಗೆ ಹಿಂದಿ ಅರ್ಥ ಆಗುತ್ತದೆ, ಮಗಳು ಮಧ್ಯೆ ನಿಂತು ಹೇಳಲಿ. ಜಟಕಾ ಓಡಿಸಿದವರ ಮಗ ಅಂತ ಗೊತ್ತಾದರೆ ಕುದುರೆಯವರು ಅವರನ್ನು ಸುಮ್ನೆ ಕಳಿಸುವುದಿಲ್ಲ. ಅಜ್ಜನಿಗೆ ಏನು ಗೊತ್ತು ಅಂತ ಮೊಮ್ಮಕ್ಕಳು ಕಣ್ಣಾರೆ ನೋಡುವ ಅವಕಾಶ ಎಷ್ಟು ಸಲ ಸಿಗುತ್ತದೆ ಹೇಳಿ? ನಾನು ಹುಣ್ಣಿಮೆಗೇ ಹೋಗಿ ಅಂದಿದ್ದು ಇದಕ್ಕೇ.

ದಾಖಲೆ: ದೊಡ್ಡವರಿಗೆ ಪಾಸ್‌ಪೋರ್ಟ್ ಅಥವಾ ವೋಟರ್ ಕಾರ್ಡ್ ಬೇಕು. ಮಕ್ಕಳಿಗೆ ಪಾಸ್‌ಪೋರ್ಟ್ ಮಾಡಿಸಿಬಿಡಿ, ತಲೆನೋವು ಇರುವುದಿಲ್ಲ. ಅನ್ನಪೂರ್ಣಾ ಸಂರಕ್ಷಣಾ ಪ್ರದೇಶದ ಪರ್ಮಿಟ್ಟನ್ನು ಪೋಖರಾದಲ್ಲೇ ಮಾಡಿಸಿ.

ಪ್ರಶ್ನೆ: ನಾವು ಈರುಳ್ಳಿ ಬೆಳ್ಳುಳ್ಳಿ ತಿನ್ನುವುದಿಲ್ಲ. ಮುಕ್ತಿನಾಥದ ಕಡೆ ಊಟಕ್ಕೆ ಏನು ಮಾಡುವುದು?
– ಒಬ್ಬ ಓದುಗರು, ಶಿರಸಿ

ಉತ್ತರ: ಉಪವಾಸ ಬೀಳುವುದಿಲ್ಲ. ಎಲ್ಲ ಕಡೆ ದಾಲ್ ಭಾತ್ ಸಿಗುತ್ತದೆ. ಅನ್ನ, ಬೇಳೆ, ಸೊಪ್ಪು, ಆಲೂಗಡ್ಡೆ. ಮೊದಲೇ ಹೇಳಿದರೆ ಈರುಳ್ಳಿ ಬೆಳ್ಳುಳ್ಳಿ ಹಾಕದೆ ಮಾಡಿಕೊಡುತ್ತಾರೆ, ಯಾತ್ರಿಕರ ಅಭ್ಯಾಸ ಅವರಿಗೆ ಇದೆ. ಅಡುಗೆಮನೆ ಮಾತ್ರ ಒಂದೇ, ಮಾಂಸವೂ ಅಲ್ಲೇ ಬೇಯುತ್ತದೆ. ಅದು ಒಪ್ಪದಿದ್ದರೆ ಅವಲಕ್ಕಿ, ಹುರಿಹಿಟ್ಟು, ಮೆಂತ್ಯದ ಹಿಟ್ಟು, ಒಂದು ಚಿಕ್ಕ ಕುಕ್ಕರ್ ಒಯ್ಯಿರಿ. ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಬೇಳೆ ಮಾತ್ರ ಬೇಯುವುದೇ ಇಲ್ಲ. ಕುಕ್ಕರ್ ಇಲ್ಲದೆ ಆಗದು. ಜನೈ ಪೂರ್ಣಿಮಾದ ದಿನ ನೇಪಾಳಿ ಮನೆಗಳಲ್ಲಿ ಒಂಬತ್ತು ಬಗೆಯ ಮೊಳಕೆ ಕಾಳು ಹಾಕಿ ಕ್ವಾಟಿ ಅನ್ನುವ ಸಾರು ಮಾಡುತ್ತಾರೆ. ಈರುಳ್ಳಿ ಬೆಳ್ಳುಳ್ಳಿ ಇಲ್ಲದೆ ಮಾಡಿಸಿಕೊಳ್ಳಲು ಆದರೆ ಬಿಡಬೇಡಿ. ಚಳಿಯಲ್ಲಿ ಅದರಷ್ಟು ಹಿತ ಬೇರೆ ಇಲ್ಲ.

ಪ್ರಶ್ನೆ: ಕುದುರೆ ಓಟ ನೋಡುವುದು, ದೇವಸ್ಥಾನಕ್ಕೆ ಕುದುರೆ ಏರಿ ಹೋಗುವುದು, ಇದೆಲ್ಲ ಪ್ರಾಣಿಗೆ ಹಿಂಸೆ ಅಲ್ವಾ?
– ಕಾಲೇಜು ವಿದ್ಯಾರ್ಥಿನಿ, ಮೈಸೂರು

ಉತ್ತರ: ಕೇಳಬೇಕಾದ ಪ್ರಶ್ನೆಯೇ. ಯಾರ್ತುಂಗ್ ಓಟದ ಬಗ್ಗೆ ನನಗೆ ಅಷ್ಟು ಅಳುಕಿಲ್ಲ. ಓಡುವ ದೂರ ಕಡಿಮೆ, ಕುದುರೆ ಮನೆಯದು, ಅದಕ್ಕೆ ಏನಾದರೂ ಆದರೆ ಆ ಮನೆಯ ದುಡಿಮೆಯೇ ನಿಲ್ಲುತ್ತದೆ. ಹಾಗಾಗಿ ಅವರೇ ಜೋಪಾನ ಮಾಡುತ್ತಾರೆ. ನನಗೆ ಸಂಕಟ ಆಗುವುದು ಬಾಡಿಗೆ ಕುದುರೆಗಳದು. ಯಾತ್ರೆಯ ದಿನಗಳಲ್ಲಿ ರಾಣಿಪೌವಾದಿಂದ ದೇವಸ್ಥಾನದ ಬಾಗಿಲವರೆಗೆ ಅವು ಬೆಳಿಗ್ಗೆಯಿಂದ ಸಂಜೆಯವರೆಗೆ ಹತ್ತಿ ಇಳಿಯುತ್ತವೆ. ಆ ದಾರಿ ನಿಧಾನಕ್ಕೆ ನಡೆದರೂ ಅರ್ಧ ಗಂಟೆಯದು. ಕಾಲು ಗಟ್ಟಿ ಇರುವವರು ದಯವಿಟ್ಟು ನಡೆಯಿರಿ. ಮಂಡಿನೋವಿನವರು, ಉಸಿರು ಕಟ್ಟುವವರು ಹತ್ತಲಿ, ಅದಕ್ಕೇ ಅವು ಇರುವುದು. ಹತ್ತುವ ಮುಂಚೆ ಜೀನು ಸ್ವಲ್ಪ ಎತ್ತಿಸಿ ಬೆನ್ನು ನೋಡಿ. ಹುಣ್ಣು ಇದ್ದರೆ, ಕುಂಟುತ್ತಿದ್ದರೆ ಆ ಕುದುರೆ ಬೇಡ ಅನ್ನಿ, ಯಾಕೆ ಬೇಡ ಅಂತಲೂ ಅದರ ಮಾಲೀಕನಿಗೆ ಹೇಳಿ. ಹತ್ತು ಜನ ಹಾಗೆ ಹೇಳಿದರೆ ಅವನು ಆ ಕುದುರೆಗೆ ಒಂದು ವಾರ ರಜೆ ಕೊಟ್ಟೇ ಕೊಡುತ್ತಾನೆ.