ಜೋಗದ ನೀರು ಎಷ್ಟು ಸೆಕೆಂಡಿನಲ್ಲಿ ಕೆಳಗಿಳಿಯುತ್ತದೆ?

ಪ್ರಶ್ನೆ: ಜೋಗ ಜಲಪಾತದ ರಾಜಾ ಧಾರೆಯ ಎತ್ತರ 253 ಮೀಟರ್. ಗುರುತ್ವ ವೇಗೋತ್ಕರ್ಷ 9.8 ಎಂದು ಓದಿದ್ದರಿಂದ 253ನ್ನು 9.8ರಿಂದ ಭಾಗಿಸಿದೆ. ನೀರು ಕೆಳಗೆ ತಲುಪಲು ಸುಮಾರು 26 ಸೆಕೆಂಡು ಬೇಕು ಎಂಬ ಉತ್ತರ ಬಂತು. ಈ ಲೆಕ್ಕ ಸರಿಯೇ?
– ಒಬ್ಬ ವಿದ್ಯಾರ್ಥಿನಿ, ಸಾಗರ

ಉತ್ತರ: ಸರಿಯಲ್ಲ. ನೀವು 9.8ನ್ನು ವೇಗವೆಂದು ಭಾವಿಸಿ ಭಾಗಿಸಿದ್ದೀರಿ. ಅದು ಪ್ರತಿ ಸೆಕೆಂಡಿಗೆ ವೇಗದಲ್ಲಿ ಆಗುವ ಹೆಚ್ಚಳ. ನಿಶ್ಚಲ ಸ್ಥಿತಿಯಿಂದ ಬೀಳತೊಡಗಿದ ವಸ್ತುವಿನ ವೇಗ ಮೊದಲ ಸೆಕೆಂಡಿನ ಕೊನೆಗೆ ಸೆಕೆಂಡಿಗೆ 9.8 ಮೀಟರ್, ಎರಡನೆಯದರ ಕೊನೆಗೆ ಸೆಕೆಂಡಿಗೆ 19.6 ಮೀಟರ್, ಹೀಗೆ ಏರುತ್ತದೆ. ಮೊದಲ ಸೆಕೆಂಡಿನಲ್ಲಿ ವೇಗವು ಸೊನ್ನೆಯಿಂದ 9.8ಕ್ಕೆ ಸಮನಾಗಿ ಏರಿದ್ದರಿಂದ ಸರಾಸರಿ ವೇಗ ಅದರ ಅರ್ಧ, ಆದ್ದರಿಂದ ಕ್ರಮಿಸಿದ ದೂರ 4.9 ಮೀಟರ್ ಮಾತ್ರ. ಮುಂದಿನ ಸೆಕೆಂಡುಗಳಲ್ಲಿ ಕ್ರಮವಾಗಿ 14.7, 24.5, 34.3 ಮೀಟರ್. ಇವು 4.9ರ 1, 3, 5, 7 ಪಟ್ಟು ಎಂಬುದನ್ನು ಗಮನಿಸಿ. ಬೆಸ ಸಂಖ್ಯೆಗಳ ಈ ಕ್ರಮವನ್ನು ಗೆಲಿಲಿಯೋ ಹದಿನೇಳನೆಯ ಶತಮಾನದಲ್ಲೇ ಗುರುತಿಸಿದ್ದನು, ಮತ್ತು ನನ್ನ ದೃಷ್ಟಿಯಲ್ಲಿ ಸೂತ್ರವನ್ನು ಬಾಯಿಪಾಠ ಮಾಡುವುದಕ್ಕಿಂತ ಇದನ್ನು ಒಮ್ಮೆ ಕೈಯಾರೆ ಕೂಡಿ ನೋಡುವುದು ಹೆಚ್ಚು ಫಲಕಾರಿ. ಏಳು ಸೆಕೆಂಡುಗಳ ದೂರಗಳನ್ನು ಕೂಡಿದರೆ 240.1 ಮೀಟರ್ ಆಗುತ್ತದೆ, ಉಳಿದ 12.9 ಮೀಟರನ್ನು ದಾಟಲು, ಆಗಿನ ವೇಗ ಸೆಕೆಂಡಿಗೆ 68.6 ಮೀಟರ್ ಇರುವುದರಿಂದ, ಸೆಕೆಂಡಿನ ಐದನೇ ಒಂದು ಭಾಗ ಸಾಕು. ಎತ್ತರದ ಎರಡರಷ್ಟನ್ನು 9.8ರಿಂದ ಭಾಗಿಸಿ ವರ್ಗಮೂಲ ತೆಗೆದರೂ ಅದೇ 7.2 ಸೆಕೆಂಡು ಬರುತ್ತದೆ. ಶರಾವತಿಯ ನೀರು ಅಂಚಿನಿಂದ ಮುಂದಕ್ಕೆ ಹಾರಿ ಬೀಳುವುದರಿಂದ ಈ ಕಾಲ ಬದಲಾಗುವುದಿಲ್ಲ. ಅಡ್ಡ ಚಲನೆಗೂ ಕೆಳಮುಖ ಚಲನೆಗೂ ಸಂಬಂಧವಿಲ್ಲ.

ಆದರೆ ಈ ಲೆಕ್ಕ ಗುರುತ್ವವೊಂದೇ ಕೆಲಸ ಮಾಡುವಾಗ ಮಾತ್ರ ನಿಜ. ಸೂತ್ರದಂತೆ ನೀರು ಗಂಟೆಗೆ ಸುಮಾರು 250 ಕಿಲೋಮೀಟರ್ ವೇಗದಲ್ಲಿ ಅಪ್ಪಳಿಸಬೇಕು. ವಾಸ್ತವವಾಗಿ ಧಾರೆಯ ಹೊರಭಾಗ ಬೀಳುತ್ತಲೇ ಒಡೆದು ಹನಿಗಳಾಗುತ್ತದೆ. ಹನಿಯ ವೇಗ ಏರಿದಂತೆ ಗಾಳಿಯ ತಡೆಯೂ ಏರಿ, ಅದು ಹನಿಯ ತೂಕಕ್ಕೆ ಸಮವಾದಾಗ ವೇಗ ಏರುವುದು ನಿಲ್ಲುತ್ತದೆ. ನಿಶ್ಚಲ ಗಾಳಿಯಲ್ಲಿ ದೊಡ್ಡ ಮಳೆಹನಿಗೂ ಈ ಮಿತಿ ಸೆಕೆಂಡಿಗೆ ಸುಮಾರು 9 ಮೀಟರ್. ಆದ್ದರಿಂದ ಬಿಡಿಹನಿಗಳು 7.2 ಸೆಕೆಂಡಿಗಿಂತ ಬಹಳ ತಡವಾಗಿ ಇಳಿಯುತ್ತವೆ, ತೀರ ಸಣ್ಣವು ಮಂಜಾಗಿ ತೇಲುತ್ತವೆ. ಮುಷ್ಟಿಗಾತ್ರದ ಕಲ್ಲು ಕೂಡ ಅಷ್ಟು ಎತ್ತರದಿಂದ ಬಿದ್ದರೆ ಸೂತ್ರ ಹೇಳುವ ವೇಗವನ್ನು ಮುಟ್ಟುವುದಿಲ್ಲ.

ಕಡಿಮೆ ಎತ್ತರದಲ್ಲಿ ಸೂತ್ರವನ್ನು ನಂಬಬಹುದು. ನೀರು 20 ಮೀಟರ್ ಆಳದಲ್ಲಿರುವ ಬಾವಿಗೆ ಬಿಟ್ಟ ಕಲ್ಲು ಸುಮಾರು 2.02 ಸೆಕೆಂಡಿಗೆ ನೀರು ಮುಟ್ಟುತ್ತದೆ, ಅದರ ಸದ್ದು ಮೇಲೆ ಬರಲು ಇನ್ನು 0.06 ಸೆಕೆಂಡು ಬೇಕು.