ಹೆದರುವ ನಾಯಿಯನ್ನು ಯಾರಿಗೆ ಕೊಡಬೇಕು?

ಬೀದಿಯಿಂದ ತಂದ ಹೆಣ್ಣು ನಾಯಿ, ಎರಡು ತಿಂಗಳಾದರೂ ಮಂಚದ ಅಡಿಯಿಂದ ಹೊರಗೆ ಬರುತ್ತಿಲ್ಲ, ಇಂಥದ್ದನ್ನು ಯಾರಿಗೆ ಕೊಡಲಿ ಅಂತ ಕೇಳಿದ್ದೀರಿ. ‘ಅಯ್ಯೋ ಪಾಪ’ ಅಂದವರಿಗೆಲ್ಲ ಕೊಡಬೇಡಿ.

ನಾನು ಹಾಗೆ ಕೊಟ್ಟು ಪೆಟ್ಟು ತಿಂದವಳು. ಕಾಸರಗೋಡಿನ ಕುಂಬಳೆ ಹತ್ತಿರ ಹೆದ್ದಾರಿ ಬದಿಯಲ್ಲಿ ಸಿಕ್ಕಿದ ಕರಿ ನಾಯಿ, ಬದಿಯಡ್ಕದ ನಮ್ಮ ಮನೆಯಲ್ಲಿ ಮೂರು ತಿಂಗಳಿತ್ತು. ಮೊದಲು ಬಂದವರು ಒಳ್ಳೆಯವರೇ, ಅವರ ಮಕ್ಕಳಂತೂ ಕಂಡ ಕೂಡಲೇ ಅಪ್ಪಿಕೊಳ್ಳಲು ಓಡಿದರು, ಆಗಲೇ ನನಗೆ ಗೊತ್ತಾಗಬೇಕಿತ್ತು. ಅವರ ಮನೆ ಇರುವುದು ದೇವಸ್ಥಾನದ ಪಕ್ಕ ಅನ್ನುವುದನ್ನು ಕೇಳಲೇ ಇಲ್ಲ. ಜಾತ್ರೆಯ ಬೆಡಿ, ಅಂದರೆ ಸಿಡಿಮದ್ದು, ಶುರುವಾದದ್ದೇ ತಡ, ಕತ್ತಿನ ಬೆಲ್ಟಿನಿಂದ ತಲೆ ಜಾರಿಸಿಕೊಂಡು ಓಟ. ನಾಲ್ಕನೇ ದಿನ ರಬ್ಬರ್ ತೋಟದಲ್ಲಿ ಸಿಕ್ಕಿತು.

ಅದು ಈಗ ಇರುವುದು ಪೆರ್ಲದ ಕಡೆ, ಅಡಿಕೆ ತೋಟದ ನಡುವಿನ ಮನೆ, ಅಜ್ಜ ಅಜ್ಜಿ ಇಬ್ಬರೇ. ಕೊಡುವ ಮೊದಲು ಅಜ್ಜ ನಾಲ್ಕು ಭಾನುವಾರ ನಮ್ಮ ಮನೆಗೆ ಬಂದರು. ನಾಯಿಯ ಮುಖ ನೋಡಲಿಲ್ಲ, ಕರೆಯಲಿಲ್ಲ, ಜಗಲಿಯಲ್ಲಿ ಓರೆಯಾಗಿ ಕೂತು ಎಲೆಅಡಿಕೆ ಹಾಕುತ್ತಾ ಆಗಾಗ ಒಂದು ದೋಸೆ ಚೂರು ಎಸೆಯುವುದು, ಅಷ್ಟೇ. ನಾಲ್ಕನೇ ಸಲ ಅದೇ ಹಿಂದಿನಿಂದ ಬಂದು ಅವರ ಮುಂಡು ಮೂಸಿತು! ಅವರ ಹಳೇ ನಾಯಿಯೂ ಇದೆ, ಬಲು ಸಮಾಧಾನದ್ದು. ಅದನ್ನು ನೋಡಿಕೊಂಡೇ ಇದು ಅಂಗಳಕ್ಕಿಳಿಯಲು ಕಲಿತದ್ದು.

ನೀವು ಕೇಳಬೇಕಾದ್ದು ಇಷ್ಟೇ. ಹಗಲು ಮನೆಯಲ್ಲಿ ಯಾರಿರುತ್ತಾರೆ, ಬೇಲಿಯಲ್ಲಿ ಸಂದು ಇದೆಯಾ, ದೀಪಾವಳಿಗೂ ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಂಜೆಯ ಗುಡುಗಿಗೂ ನಾಯಿಯನ್ನು ಎಲ್ಲಿಡುತ್ತೀರಿ. ‘ಹೊರಗೆ ಕಟ್ಟಿ ಹಾಕುತ್ತೇವೆ’, ‘ಕಾವಲಿಗೆ ಬೇಕಿತ್ತು’ ಅಂದರೆ ಅಲ್ಲಿಗೇ ಬಿಡಿ. ಹೆದರುವ ನಾಯಿಗೆ ಓಡಲು ದಾರಿ ಇಲ್ಲದಿದ್ದರೆ ಅದು ಕಚ್ಚುತ್ತದೆ, ಆಮೇಲೆ ತಪ್ಪು ನಾಯಿಯದ್ದೇ ಆಗುತ್ತದೆ ಅಲ್ವಾ? ಚಿಕ್ಕ ಮಕ್ಕಳ ಮನೆಯೂ ಸದ್ಯ ಬೇಡ.

ಕೊಡುವ ಮೊದಲು ರೇಬಿಸ್ ಚುಚ್ಚುಮದ್ದು, ಸಂತಾನಹರಣ ಎರಡೂ ನೀವೇ ಮಾಡಿಸಿ. ಸಾಗಿಸುವಾಗ ಕತ್ತಿಗೆ ಬೆಲ್ಟು, ಮೈಗೆ ಹಾರ್ನೆಸ್ (ಎದೆ ಬೆನ್ನು ಸುತ್ತಿ ಕಟ್ಟುವ ಪಟ್ಟಿ), ಎರಡಕ್ಕೂ ಬೇರೆ ಬೇರೆ ಹಗ್ಗ. ಮೊದಲ ಕೆಲವು ವಾರ ಗೇಟಿನ ಒಳಗೂ ಹಗ್ಗ ಬಿಚ್ಚುವುದು ಬೇಡ. ಗಾಬರಿ ಇಳಿಯಲು 3 ದಿನ, ದಿನಚರಿಗೆ ಒಗ್ಗಲು 3 ವಾರ, ಮನೆ ತನ್ನದು ಅನ್ನಿಸಲು 3 ತಿಂಗಳು ಅಂತ ಒಂದು ಲೆಕ್ಕ ಹೇಳುತ್ತಾರೆ, ಇಂಥ ನಾಯಿಗೆ ಅದು ಸಾಲದು, ನಮ್ಮದಕ್ಕೆ ಏಳು ತಿಂಗಳು ಹಿಡಿಯಿತು. ಆಗದಿದ್ದರೆ ನಿಮಗೇ ವಾಪಸ್ ಕೊಡಬೇಕು, ಬೇರೆಯವರಿಗೆ ದಾಟಿಸಬಾರದು ಅಂತ ಮೊದಲೇ ಬರೆಸಿಕೊಳ್ಳಿ.

ನಿಮ್ಮದು ಹೆದರುವುದು ಸದ್ದಿಗಾ, ಗಂಡಸರಿಗಾ? ಅದನ್ನು ಬರೆಯಿರಿ, ನೋಡಬೇಕಾದ ಮನೆಯೇ ಬೇರೆ ಆಗುತ್ತದೆ.